ತಂಗಳು ತಿನ್ನದವನು

ಫ್ರೀಜರಿನ ಬಾಗಿಲು ತೆಗೆದು ಎಷ್ಟು ಹೊತ್ತಿನಿಂದ ನಿಂತಿದ್ದೇನೆಂಬುದು ಬೆರಳು ಜೋಮು ಹಿಡಿದ ಮೇಲೆಯೇ ಅವನಿಗೆ ಗೊತ್ತಾದದ್ದು. ಒಳಗೆ ಫಾಯಿಲ್ ಸುತ್ತಿದ ಆಲೂಗೆಡ್ಡೆಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ದಿನಾ ಒಂದು ತೆಗೆದರೆ ಸಾಕಿತ್ತು. ಇವತ್ತು ನಾಲ್ಕು ಬೇಕು. ನಿನ್ನೆ ಊಟದ ಹೊತ್ತಿನಲ್ಲಿ, ಅವನು ಕೆಲಸ ಮಾಡುವ ಕನ್ನಡಕದಂಗಡಿಯ ಕೌಂಟರಿನಕ್ಕ ಅವನ ತಟ್ಟೆಯಿಂದ ಒಂದು ಚಮಚ ಕಿತ್ತು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ, "ಅಯ್ಯೋ, ಇದನ್ನ ಒಬ್ರೇ ತಿಂತೀರಲ್ಲಾ, ಹೊಟ್ಟೆನೋವು ಬರಲ್ವಾ? ನಾಳೆ ಎಲ್ರಿಗೂ ಒಂದೊಂದು ಮಾಡಿಕೊಡೋಕೆ ಹೇಳಿ ನಿಮ್ಮನೆಯೋರಿಗೆ" ಎಂದಿದ್ದಳು. ಅಂಗಡಿಯಲ್ಲಿ ಎಲ್ಲರೂ ಮಾವ ಎಂದೇ ಕರೆಯುವ ಪಾಲಿಶ್ ಕೆಲಸದ ಮುದುಕ, "ಯಜಮಾನರಿಗೂ ಒಂದಿರಲಿ, ಅಳಿಯಾ" ಎಂದು ಸೇರಿಸಿದ್ದ. ಅವನು ತಲೆಯಾಡಿಸಿದ್ದ. ಈಗ ನಾಲ್ಕು ಗಡ್ಡೆಗಳನ್ನು ಡಬ್ಬಿಗೆ ತುಂಬುತ್ತ, ಹೇಳಿ ಮಾಡಿಸಬೇಕಾದವಳು ಈ ಮನೆಯಲ್ಲಿ ಇಲ್ಲವೆಂಬುದು ಗೋಡೆಗೂ ಗೊತ್ತಿರುವಾಗ ತಾನು ಯಾರಿಗೆ ಹೆದರಿ ಹೀಗೆ ಸದ್ದಾಗದಂತೆ ಮುಚ್ಚಳ ಹಾಕುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೇ ರೇಗಿತು.

ಸುಳ್ಳು ಹೇಳಬೇಕೆಂದು ಅವನು ಹೊರಟವನಲ್ಲ. ಹಾಗೆ ನೋಡಿದರೆ ಮೊದಲ ದಿನ ಅವನು ಬಾಯಿಯನ್ನೇ ಬಿಟ್ಟಿರಲಿಲ್ಲ. ಕೌಂಟರಿನಕ್ಕ "ಮನೆಯವರು ಮಾಡಿದ್ದಾ?" ಎಂದು ಕೇಳಿದ್ದಳು, ಅವನ ಬಾಯಿ ತುಂಬ ಆಲೂಗೆಡ್ಡೆಯಿತ್ತು, ತಲೆ ತಾನಾಗಿಯೇ ಆಡಿತ್ತು. ತಲೆಯಾಡಿಸುವುದು ಸುಳ್ಳಲ್ಲ ಎಂದು ಆವತ್ತು ಇಡೀ ಸಂಜೆ ತನಗೇ ವಾದ ಮಂಡಿಸಿಕೊಂಡಿದ್ದ. ಆಮೇಲೆ ಒಂದು ಸುಳ್ಳನ್ನು ನಿಲ್ಲಿಸಲು ಇನ್ನೊಂದನ್ನು ಊರುಗೋಲಾಗಿ ಕೊಡಬೇಕಾಯಿತು. ಹೆಂಡತಿ ಬೆಳಿಗ್ಗೆ ಬೇಗ ಏಳುತ್ತಾಳೆ. ಬೆಣ್ಣೆ ಹಾಕಲು ಕೈ ಹಿಡಿಯುವವಳಲ್ಲ. ಮೆಣಸನ್ನು ಆಗಿಂದಾಗಲೇ ಪುಡಿ ಮಾಡಿ ಹಾಕುತ್ತಾಳೆ. ಹೀಗೆ ಅವನ ಬಾಯಲ್ಲಿ ಇಲ್ಲದ ಹೆಂಡತಿ ದಿನೇ ದಿನೇ ಒಳ್ಳೆಯವಳಾಗುತ್ತ ಹೋದಳು. ಇದ್ದಾಗ ಅವಳಿಗೆ ಇಷ್ಟು ಗುಣಗಳಿದ್ದದ್ದು ಅವನಿಗೆ ಗೊತ್ತಿರಲಿಲ್ಲ. "ಪುಣ್ಯವಂತ ಕಣಯ್ಯಾ" ಎಂದು ಮಾವ ಹೇಳಿದಾಗಲೆಲ್ಲ ಅವನಿಗೆ ಒಂದು ಕ್ಷಣ ನಿಜವಾಗಿಯೂ ಹೆಮ್ಮೆಯಾಗುತ್ತಿತ್ತು. ಅದರ ಬೆನ್ನಿಗೇ ಕಿವಿ ಬಿಸಿಯಾಗುತ್ತಿತ್ತು.

ಬಸ್ಸಿನಲ್ಲಿ ಡಬ್ಬಿ ತೊಡೆಯ ಮೇಲಿತ್ತು, ತಣ್ಣನೆಯ ತೇವ ಪ್ಯಾಂಟಿಗೆ ಇಳಿಯುತ್ತಿತ್ತು. ತಂಗಳು ತಿನ್ನುವ ಮನೆತನ ನಮ್ಮದಲ್ಲ ಎಂದು ಅವನ ತಾಯಿ ಹೇಳುತ್ತಿದ್ದಳು. ಮನೆತನವೆಂಬ ದೊಡ್ಡ ಮಾತಿಗೆ ತಕ್ಕ ಆಸ್ತಿಯೇನೂ ಇರಲಿಲ್ಲ, ಇದ್ದದ್ದು ಬಿಸಿ ಊಟದ ಈ ಹಟ ಒಂದೇ. ಅದನ್ನೇ ಅವನು ಪಿತ್ರಾರ್ಜಿತದಂತೆ ಕಾಪಾಡಿಕೊಂಡು ಬಂದಿದ್ದ. ಬೆಳಿಗ್ಗೆ ಮಾಡಿದ್ದು ರಾತ್ರಿಗೆ ಆಗದು, ರಾತ್ರಿಯದು ಬೆಳಿಗ್ಗೆ ಆಗದು. ಹೆಂಡತಿ ದರ್ಜಿಯಂಗಡಿಯಲ್ಲಿ ದಿನವಿಡೀ ಕೂತು ಕೋಟುಗಳಿಗೆ ಒಳಪದರದ ಅಸ್ತರಿ ಹೊಲಿದು, ಬೆನ್ನು ಹಿಡಿದುಕೊಂಡು ಬಂದು, ಚಪ್ಪಲಿ ಬಿಟ್ಟವಳೇ ಒಲೆ ಹಚ್ಚುತ್ತಿದ್ದಳು. ಒಂದು ಸಲ, ಒಂದೇ ಒಂದು ಸಲ, ಹೇಳಿ ನೋಡಿದ್ದಳು. "ರಜೆ ದಿನ ಆಲೂಗೆಡ್ಡೆ ಬೇಯಿಸಿ ಫ್ರೀಜರ್‌ನಲ್ಲಿ ಇಟ್ಟುಬಿಡೋಣ ರೀ. ನಮ್ಮ ಅಂಗಡೀಲಿ ಒಬ್ರು ಹಾಗೇ ಮಾಡ್ತಾರಂತೆ. ಬೇಕಾದಾಗ ಬಿಸಿ ಮಾಡ್ಕೊಂಡ್ರೆ ಆಯ್ತು." ಅವನು ನಕ್ಕಿದ್ದ. ಬರೀ ನಕ್ಕಿದ್ದರೆ ಪರವಾಗಿರಲಿಲ್ಲ. "ಹೆಣ ಇಡೋ ಹಾಗೆ ಊಟ ಇಡ್ತೀಯಾ?" ಎಂದಿದ್ದ. ಅವಳು ಮತ್ತೆ ಆ ಮಾತು ಎತ್ತಲಿಲ್ಲ. ಬಸ್ಸು ತಿರುವಿನಲ್ಲಿ ವಾಲಿದಾಗ ಅವನು ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಪಕ್ಕದವನು ಅದರೊಳಗೆ ಏನೋ ಅಮೂಲ್ಯವಾದದ್ದು ಇದೆಯೆಂಬಂತೆ ನೋಡಿದ.

ಹೋಗುವ ದಿನ ಅವಳು ಅಳಲಿಲ್ಲ, ಕೂಗಾಡಲಿಲ್ಲ. ಬೆಳಿಗ್ಗೆ ಅವನು ಷೂಗೆ ಲೇಸು ಕಟ್ಟುತ್ತಿದ್ದಾಗ ಬಾಗಿಲ ಪಕ್ಕ ನಿಂತು, "ನಾನು ಅಕ್ಕನ ಮನೆಗೆ ಹೋಗ್ತಿದ್ದೀನಿ. ಯಾವಾಗ ಬರ್ತೀಯ ಅಂತ ಕೇಳ್ಬೇಡಿ, ನನಗೇ ಗೊತ್ತಿಲ್ಲ" ಎಂದಳು. ಅವನು ಬಗ್ಗಿದವನು ಬಗ್ಗಿದಂತೆಯೇ, "ಊಟಕ್ಕೇನು ಮಾಡ್ಲಿ?" ಎಂದು ಕೇಳಿದ. ಯಾಕೆ ಎಂದಲ್ಲ, ಬೇಡ ಎಂದಲ್ಲ. ಊಟಕ್ಕೇನು. ಆ ಮಾತು ಈಗಲೂ ಹಲ್ಲುಜ್ಜುವಾಗ, ಮೆಟ್ಟಿಲಿಳಿಯುವಾಗ, ಯಾರದೋ ಕನ್ನಡಕದ ಅಂಚು ತೀಡುವಾಗ, ಕರೆಯದೆ ಬಂದು ನಿಲ್ಲುತ್ತಿತ್ತು. ಬಂದಾಗಲೆಲ್ಲ ಅವನು ಗಟ್ಟಿಯಾಗಿ ಕೆಮ್ಮುತ್ತಿದ್ದ. ಅವನಿಗೆ ಧೂಳಿನ ಕೆಮ್ಮು ಎಂದು ಅಂಗಡಿಯವರು ತಿಳಿದಿದ್ದರು.

ಹೋಟೆಲಿನ ಊಟ ಹೊಟ್ಟೆ ಕೆಡಿಸಿತು. ಹಸಿವು ಕಲಿಸಿದ್ದನ್ನು ಯಾವ ಗುರುವೂ ಕಲಿಸಲಾರ. ಒಂದು ರಜೆಯ ದಿನ ಹಟಕ್ಕೆ ಬಿದ್ದವನಂತೆ ಗಡ್ಡೆಗಳನ್ನು ತಂದು ಓವನ್ನಿಗೆ ತಳ್ಳಿದ. ಬಿಸಿಬಿಸಿಯಾಗಿಯೇ ಇಡೀ ಗಡ್ಡೆಗಳನ್ನು ಸುತ್ತಿ ಫ್ರೀಜರಿಗೆ ಹಾಕಿದ. ವಾರದ ನಡುವೆ ತೆಗೆದು ಕಾಯಿಸಿದರೆ ಒಳಗೆಲ್ಲ ನೀರು, ಹಲ್ಲಿಗೆ ಮರಳು ಮರಳು. ಬಾಯಿಯಿಂದ ಉಗಿದು, ತಾನು ಮಾಡಿದ್ದುಣ್ಣೋ ಮಹರಾಯ ಎಂದುಕೊಂಡು, ಮತ್ತೆ ತಿಂದ. ಕಲಿಯುತ್ತ ಹೋದ. ಸಿಪ್ಪೆಗೆ ಎಣ್ಣೆ ಉಪ್ಪು ಸವರಿ, ಮುಳ್ಳುಚಮಚದಿಂದ ಅಲ್ಲಲ್ಲಿ ಚುಚ್ಚಿ, ಸಿಪ್ಪೆ ಗರಿಗರಿಯಾಗುವ ತನಕ ಸುಡಬೇಕು. ಅರ್ಧಕ್ಕೆ ಸೀಳಿ ತಿರುಳನ್ನೆಲ್ಲ ಕೆರೆದು ತೆಗೆದು, ಬೆಣ್ಣೆ ಹಾಲು ಹಾಕಿ ನಾದಿ, ಮತ್ತೆ ಅದೇ ಸಿಪ್ಪೆಯ ದೊನ್ನೆಗೆ ತುಂಬಬೇಕು. ಪೂರ್ತಿ ಆರಬೇಕು. ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು ಕಲ್ಲಾಗಿಸಿ, ಆಮೇಲಷ್ಟೇ ಎರಡು ಹೋಳು ಜೋಡಿಸಿ ಸುತ್ತಬೇಕು. ಅವಳ ಉಪಾಯ ಸರಿಯಾಗಿತ್ತು, ಬಹಳ ಸರಿಯಾಗಿತ್ತು. ಹಾಗಾಗಿ, ಹೆಂಡತಿ ಮಾಡಿದ್ದು ಎನ್ನುವುದರಲ್ಲಿ ಅರ್ಧ ನಿಜವಿದೆ ಎಂದು ಅವನು ಸಮಾಧಾನ ಹೇಳಿಕೊಳ್ಳುತ್ತಿದ್ದ. ಕಳ್ಳನಿಗೊಂದು ಪಿಳ್ಳೆನೆವ.

ಅಂಗಡಿಯ ಮುಂಭಾಗದಲ್ಲಿ ಕನ್ನಡಕದ ಚೌಕಟ್ಟುಗಳ ಗಾಜಿನ ಕಪಾಟು, ಕೌಂಟರು, ಒಂದು ಕನ್ನಡಿ. ಪರದೆ ಸರಿಸಿದರೆ ಹಿಂದೆ ಗಾಜು ಅರೆಯುವ ಕೋಣೆ. ಅಲ್ಲಿ ಎರಡು ಯಂತ್ರ, ಬಿಳಿ ಕೆಸರಿನ ತೊಟ್ಟಿ, ಮೂಲೆಯಲ್ಲಿ ಖಾಲಿ ಪೆಟ್ಟಿಗೆಗಳ ಮೇಲೆ ಕೂರಿಸಿದ ಮೈಕ್ರೋವೇವ್. ಮಧ್ಯಾಹ್ನ ಅವನು ಫಾಯಿಲ್ ಬಿಚ್ಚಿ ಗಡ್ಡೆಗಳನ್ನು ತಟ್ಟೆಗೆ ಹಾಕಿ, ಒದ್ದೆ ಕಾಗದ ಹೊದಿಸಿ, ಶಾಖ ತಗ್ಗಿಸಿ ಇಟ್ಟ. ಅವಸರ ಮಾಡಿದರೆ ಹೊರಗೆ ನಾಲಿಗೆ ಸುಡುತ್ತದೆ, ನಡುವೆ ಮಂಜು ಹಾಗೇ ಉಳಿಯುತ್ತದೆ. ಆಗ ಪರದೆಯ ಆಚೆಯಿಂದ ಒಂದು ದನಿ ಕೇಳಿಸಿತು. "ಹತ್ತಿರದ್ದು ಕಾಣೋದಿಲ್ಲ, ಸೂಜಿಗೆ ದಾರ ಹೋಗ್ತಿಲ್ಲ" ಎನ್ನುತ್ತಿತ್ತು. ಅದು ಹೆಂಡತಿಯ ದನಿ, ಅವನು ಹಿಂದಿನ ಗೋಡೆಯತ್ತ ತಿರುಗಿ ನೋಡಿದ. ಹಿಂಬಾಗಿಲು ಇದ್ದಿದ್ದರೆ ಅವನು ಹೋಗಿಬಿಡುತ್ತಿದ್ದನೇನೋ. ಇರಲಿಲ್ಲ.

"ಇವರ ಮನೆಯವರಂತೆ!" ಎಂದು ಪರದೆ ಸರಿಸಿದ ಕೌಂಟರಿನಕ್ಕನ ಮುಖ ಅರಳಿತ್ತು. "ಒಂದು ಮಾತು ಹೇಳಿದ್ರಾ ಬರ್ತಾರೆ ಅಂತ? ಒಳ್ಳೇ ಗಂಡ!" ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅವಳು ಕೌಂಟರಿನ ಎದುರು ಕೂತಿದ್ದಳು. ಸ್ವಲ್ಪ ಸೊರಗಿದ್ದಳು, ಅಥವಾ ಸೊರಗಿರಲಿಲ್ಲ, ನೆಟ್ಟಗೆ ಕೂತದ್ದರಿಂದ ಹಾಗೆ ಕಂಡಿತೋ. "ಬೇರೆ ಅಂಗಡಿಗೆ ಹೋಗಿದ್ದೆ" ಎಂದಳು, ತಪ್ಪು ಮಾಡಿದವಳಂತೆ. "ಪರಿಚಯದವರು ಸಿಕ್ಕಿಬಿಟ್ರು. ಗಂಡನ್ನ ಅಲ್ಲಿಟ್ಕೊಂಡು ಇಲ್ಲಿಗೆ ಯಾಕೆ ಬಂದೆ ಅಂತ ನಕ್ಕರು. ಏನಂತ ಹೇಳ್ಲಿ? ಎದ್ದು ಬಂದೆ." ಅವನು "ಒಳ್ಳೇದಾಯ್ತು" ಎಂದ. ಇಷ್ಟು ದಿನ ಬಿಟ್ಟು ನೋಡಿದ ಹೆಂಡತಿಗೆ ಒಳ್ಳೇದಾಯ್ತು ಎಂದನಲ್ಲ, ಎಂದುಕೊಂಡ. ಸಾಮಾನ್ಯವಾಗಿ ಕಣ್ಣು ಪರೀಕ್ಷಿಸುವುದು ಕೌಂಟರಿನಕ್ಕ, ಅಳತೆ ತೆಗೆದು ಗಾಜು ಅರೆಯುವುದು ಅವನು. ಇವತ್ತು ಅವಳು ಪರೀಕ್ಷೆಯ ಗಾಜುಗಳ ಪೆಟ್ಟಿಗೆಯನ್ನು ಅವನ ಕಡೆ ತಳ್ಳಿ, "ಹೆಂಡ್ತಿ ಕಣ್ಣು ಗಂಡನೇ ನೋಡ್ಲಪ್ಪ, ನಡುವೆ ನಾನ್ಯಾಕೆ?" ಎಂದು ಕಣ್ಣು ಮಿಟುಕಿಸಿದಳು.

ಗುಂಡಗಿನ, ಭಾರವಾದ ಪರೀಕ್ಷೆಯ ಚೌಕಟ್ಟನ್ನು ಅವನು ಅವಳ ಕಿವಿಗೆ ಏರಿಸಿದ. ಓದುವ ಹಾಳೆಯನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಹಿಡಿದದ್ದು ತೋಳು ಪೂರ್ತಿ ಚಾಚಿ, ತಲೆ ಹಿಂದಕ್ಕೆ ವಾಲಿಸಿ. ದಿನಕ್ಕೆ ಹತ್ತು ಜನರನ್ನು ಅವನು ಹೀಗೆ ನೋಡುತ್ತಾನೆ. ಬಾಗಿಲಲ್ಲಿ ಬರುವಾಗಲೇ, ರಸೀದಿ ಹಿಡಿಯುವ ರೀತಿಯಲ್ಲೇ, ಇವರಿಗೆ ಚಾಳೀಸು ಬಂದಿದೆ, ಹತ್ತಿರದ್ದು ಕಾಣುವುದಿಲ್ಲ ಎಂದು ಹೇಳಿಬಿಡುತ್ತಾನೆ, ಪವರ್ ಎಷ್ಟೆಂದೂ ಹೇಳುತ್ತಾನೆ, ಮಾವನ ಜೊತೆ ಬಾಜಿ ಕಟ್ಟಿ ಟೀ ಗೆಲ್ಲುತ್ತಾನೆ. ಸಣ್ಣ ಪವರಿನ ಗಾಜು ಹಾಕಿದ. "ಇಲ್ಲ" ಎಂದಳು. ಅದಕ್ಕಿಂತ ಹೆಚ್ಚಿನದು ಹಾಕಿದ. "ಸ್ವಲ್ಪ." ಪ್ಲಸ್ ಎರಡಕ್ಕೆ ಬಂದಾಗ ಅವಳು ತೋಳು ಮಡಚಿದಳು, ಹಾಳೆ ಮುಖದ ಹತ್ತಿರ ಬಂತು. "ಅಬ್ಬಾ" ಎಂದಳು, ಅವನಿಗಲ್ಲ, ಅಕ್ಷರಗಳಿಗೆ. ಇಷ್ಟು ಪವರ್ ಒಂದೆರಡು ತಿಂಗಳಲ್ಲಿ ಬರುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಯಾವಾಗಿಂದ ಹೀಗೆ?" ಎಂದು ಕೇಳಿದ. ಉತ್ತರ ಕೇಳುವುದು ಬೇಡವಾಗಿತ್ತು. "ವರ್ಷಗಳೇ ಆಯ್ತೇನೋ. ಕೆಲಸದ ಸುಸ್ತು ಅಂದ್ಕೊಂಡಿದ್ದೆ. ಮೊನ್ನೆ ಕಪ್ಪು ಕೋಟಿಗೆ ನೀಲಿ ದಾರ ಹಾಕಿ ತೋಳು ಪೂರ್ತಿ ಹೊಲಿದುಬಿಟ್ಟೆ. ಎಲ್ರ ಮುಂದೆ ಬಿಚ್ಚಿಸಿದ್ರು."

ಗಾಜನ್ನು ಪೆಟ್ಟಿಗೆಯ ಗುಳಿಯಲ್ಲಿ ವಾಪಸು ಇಡುವಾಗ ಅವಳ ಹಳೆಯ ತಪ್ಪುಗಳು ಅವನಿಗೆ ಒಂದೊಂದಾಗಿ ನೆನಪಾದವು. ಸೊಪ್ಪಿನಲ್ಲಿ ಒಂದು ಸಣ್ಣ ಹುಳು. ತಟ್ಟೆಯಂಚಿಗೆ ಅಂಟಿದ ಕೂದಲು. ಅಂಗಿಯ ಗುಂಡಿಗೆ ಬೇರೆ ಬಣ್ಣದ ದಾರ. ಆಲೂಗೆಡ್ಡೆಯಲ್ಲಿ ಕೆತ್ತದೆ ಬಿಟ್ಟ ಕಪ್ಪು ಕಲೆಗಳು. ಅಜಾಗ್ರತೆ ಎಂದು ಅವನು ಅದಕ್ಕೆ ಹೆಸರಿಟ್ಟಿದ್ದ. ಬರಬರುತ್ತ ಅವಳಿಗೆ ಬೇಕೆಂದೇ ಮಾಡುವ ಬುದ್ಧಿ ಬಂದಿದೆ ಎಂದೂ ಅಂದುಕೊಂಡಿದ್ದ. ತಟ್ಟೆಯನ್ನು ಎತ್ತಿ ಅವಳ ಮೂಗಿನ ಬುಡಕ್ಕೆ ಹಿಡಿದು, "ಏನಿದು? ಕಣ್ಣಿಲ್ವಾ ನಿನಗೆ?" ಎಂದು ಕೇಳುತ್ತಿದ್ದ. ಅವಳು ತಟ್ಟೆಯನ್ನು ಒಂದು ಗಳಿಗೆ ನೋಡಿ, "ಹೌದು, ತಪ್ಪಾಯ್ತು" ಎನ್ನುತ್ತಿದ್ದಳು. ಅಷ್ಟು ಹತ್ತಿರ ಹಿಡಿದರೆ ಈ ಕಣ್ಣಿಗೆ ಏನೂ ಕಾಣುವುದಿಲ್ಲ. ಒಂದು ಮಸುಕು ಕಾಣಬಹುದು, ಅಷ್ಟೇ. ಅವಳು ಒಪ್ಪಿಕೊಂಡದ್ದು ಕಾಣದ ಕೂದಲನ್ನು, ಕಾಣದ ಹುಳವನ್ನು. ಅವನು ತೋರಿಸಿದ್ದಾನಲ್ಲ, ಇರಲೇಬೇಕು ಎಂದು. ದೀಪದ ಬುಡ ಕತ್ತಲೆ ಎನ್ನುವ ಮಾತನ್ನು ಅವನು ಎಷ್ಟೋ ಜನರಿಗೆ ಅನ್ವಯಿಸಿ ನಕ್ಕಿದ್ದ. ಅವನು ಅಳತೆಪಟ್ಟಿ ಕೈಗೆತ್ತಿಕೊಂಡ.

"ಇಲ್ಲಿ ನೋಡು" ಎಂದ. ಗಾಜು ಕೂರಿಸಲು ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ ಅಳೆಯಬೇಕು. ಅದಕ್ಕೆ ಸಣ್ಣ ಅಳತೆಪಟ್ಟಿಯನ್ನು ಮೂಗಿನ ಮೇಲಿಟ್ಟು, ಮುಖಕ್ಕೆ ಮುಖ ಕೊಟ್ಟು, ಎದುರಿನವರು ತನ್ನ ಕಣ್ಣನ್ನೇ ನೋಡುವಂತೆ ಮಾಡಬೇಕು. ಅಪರಿಚಿತರ ಎದುರು ದಿನವಿಡೀ ಮಾಡುವ ಕೆಲಸ. ಅವಳು ನೋಡಿದಳು. ಕೋಪದಿಂದ ನೋಡಿದ್ದರೆ ಅವನು ಬಚಾವಾಗುತ್ತಿದ್ದ. ರಿಪೇರಿಗೆ ಬಂದವರು ನೋಡುವಂತೆ ನೋಡಿದಳು, ಸುಮ್ಮನೆ, ಕೆಲಸ ಮುಗಿಯಲಿ ಎಂದು. ಪಟ್ಟಿಯ ಗೆರೆ ಅವನಿಗೆ ಎರಡೆರಡಾಗಿ ಕಂಡಿತು. ಮೂರು ಸಲ ಅಳೆದ. "ಆಯ್ತಾ?" ಎಂದಳು. "ಆಯ್ತು" ಎಂದ. ಕ್ಷಮಿಸು ಎನ್ನಲು ಇದಕ್ಕಿಂತ ಹತ್ತಿರ ಇನ್ನೆಲ್ಲಿ ಸಿಗುತ್ತಾಳೆ? ಹಿಂದಿನ ಕೋಣೆಯಲ್ಲಿ ಮೈಕ್ರೋವೇವ್ ಕೂಗಿತು, ಅವನು ಅದಕ್ಕೆ ಋಣಿಯಾದವನಂತೆ ಎದ್ದು ಓಡಿದ.

ಯಜಮಾನರು ಇವತ್ತು ಬಂದಿರಲಿಲ್ಲ. "ಒಳ್ಳೇದೇ ಆಯ್ತು, ನಾಲ್ಕನೇದು ಮಾಡಿದವರಿಗೇ ಸಿಗ್ಲಿ" ಎಂದು ಕೌಂಟರಿನಕ್ಕ ಅವಳ ಕೈ ಹಿಡಿದು ಒಳಗೆ ಕರೆತಂದು ಸ್ಟೂಲಿನ ಮೇಲೆ ಕೂರಿಸಿ, ಹಬೆಯಾಡುವ ತಟ್ಟೆ ಮುಂದಿಟ್ಟಳು. "ನಿಮ್ಮ ಆಲೂಗೆಡ್ಡೆಗೆ ಇಲ್ಲಿ ಎಂಥಾ ಹೆಸರು ಗೊತ್ತಾ? ಇವರು ದಿನಾ ಹೊಗಳಿದ್ದೇ ಹೊಗಳಿದ್ದು. ಬೆಣ್ಣೆ ಅಂತೆ, ಮೆಣಸಂತೆ, ಬೆಳಗಿನ ಜಾವ ಏಳ್ತೀರಂತೆ." ಅವಳು ತಟ್ಟೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು. ಅವನು ಫಾಯಿಲ್‌ಗಳನ್ನು ಚಿಕ್ಕದಾಗಿ, ಇನ್ನೂ ಚಿಕ್ಕದಾಗಿ ಮಡಚುತ್ತಿದ್ದ. ನೆಲ ಬಾಯಿಬಿಟ್ಟರೆ ಆ ಮಡಿಕೆಗಳ ಜೊತೆ ಒಳಗೆ ಹೋಗಿಬಿಡುತ್ತಿದ್ದ. ಈಗ ಒಂದು ಮಾತು, ಒಂದು ನಗು, ‘ನಾನೆಲ್ಲಿ ಮಾಡಿದೆ?’ ಎಂಬ ಒಂದು ಉದ್ಗಾರ ಸಾಕು. ನಾಳೆಯಿಂದ ಈ ಕೋಣೆಯಲ್ಲಿ ಅವನು ಹೆಂಡತಿ ಬಿಟ್ಟುಹೋದವನು, ಅದನ್ನು ಮುಚ್ಚಿಡಲು ಅಡುಗೆ ಮಾಡಿಕೊಂಡು ಬಂದವನು. "ಓ, ಅದಾ?" ಎಂದಳು ಅವಳು, ಚಮಚ ಎತ್ತಿಕೊಂಡು. "ಅದರಲ್ಲೇನಿದೆ ಅಕ್ಕಾ. ಸುಲಭ."

ಅವನು ಫಾಯಿಲ್ ಮಡಚುವುದನ್ನು ನಿಲ್ಲಿಸಿದ. ಅವಳು ಅವನನ್ನು ಕಾಪಾಡುತ್ತಿದ್ದಳು. ಕೇಳದೆಯೇ, ಯೋಚಿಸದೆಯೇ, ನೆಂಟರೆದುರು ಅವನ ಒರಟು ಮಾತಿಗೆ ‘ಸುಸ್ತಾಗಿದೆ ಪಾಪ ಅವರಿಗೆ’ ಎಂದು ತೇಪೆ ಹಾಕುತ್ತಿದ್ದಂತೆ. "ಹೇಗ್ ಮಾಡೋದು ಹೇಳ್ಕೊಡಿ ಮತ್ತೆ" ಎಂದು ಕೌಂಟರಿನಕ್ಕ ಸ್ಟೂಲು ಹತ್ತಿರ ಎಳೆದುಕೊಂಡಳು. ಮಾವನೂ ಕಿವಿಗೆ ಕೈಯಿಟ್ಟ. ಅವಳು ಒಂದು ಕ್ಷಣ ತಡೆದು, "ಓವನ್‌ನಲ್ಲಿ ಚೆನ್ನಾಗಿ ಸುಡೋದು. ತೆಗೆದ ತಕ್ಷಣ ಬಿಸಿಬಿಸಿ ಇರೋವಾಗ್ಲೇ ಹಾಗೇ ಸುತ್ತಿ ಫ್ರೀಜರ್‌ಗೆ ಹಾಕ್ಬಿಡೋದು. ಅಷ್ಟೇ" ಎಂದಳು.

"ಬಿಸಿಬಿಸಿ ಇಟ್ರೆ ನೀರಾಗಲ್ವಾ?" ಎಂದ ಅವನು. "ಸ್ವಲ್ಪ ನೋಡಿ ಹೇಳ್ಬೇಕು. ಇಡೀದಾಗಿ ಇಟ್ರೆ ಒಳಗೆಲ್ಲ ಮರಳು ಮರಳಾಗುತ್ತೆ. ಮೊದಲು ಸೀಳಿ ತಿರುಳು ತೆಗೀಬೇಕು, ನಾದಬೇಕು, ಮತ್ತೆ ತುಂಬಬೇಕು. ಪೂರ್ತಿ ಆರಬೇಕು. ತಟ್ಟೇಲಿ ಬಿಡಿಬಿಡಿಯಾಗಿ ಗಟ್ಟಿ ಮಾಡ್ಕೊಂಡು ಆಮೇಲೆ ಸುತ್ತಬೇಕು. ಗೊತ್ತಿಲ್ದೆ ಏನೇನೋ..." ಅಷ್ಟರಲ್ಲಿ ತನ್ನ ದನಿ ತನಗೇ ಕೇಳಿಸಿತು. ಅದೇ ದನಿ. ತಟ್ಟೆಯನ್ನು ಮೂಗಿನ ಬುಡಕ್ಕೆ ಹಿಡಿಯುವ ದನಿ. ಮೇಲೆತ್ತಿದ ಬೆರಳು ಗಾಳಿಯಲ್ಲೇ ಉಳಿದಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮುಳುಗುವವನಿಗೆ ಹಗ್ಗ ಎಸೆದವಳ ಕೈಯಲ್ಲೇ ಅವನು ತಪ್ಪು ಕಂಡುಹಿಡಿದಿದ್ದ.

"ಅಂದ್ರೆ," ಎಂದ ಮಾವ ನಿಧಾನವಾಗಿ, "ಮಾಡೋದು ನೀನೇನೋ?" ಮಾವನ ದನಿಯಲ್ಲಿ ಕುಹಕವಿರಲಿಲ್ಲ, ಅರ್ಥವಾಗದ ಮುದುಕನ ಪ್ರಶ್ನೆ ಅದು. ಕೌಂಟರಿನಕ್ಕ ಅವನನ್ನೂ ಅವಳನ್ನೂ ನೋಡಿದಳು. ಕೌಂಟರಿನಕ್ಕನ ಮುಖದ ನಗು ಹೋಗಬೇಕೋ ಇರಬೇಕೋ ತಿಳಿಯದೆ ನಿಂತಿತ್ತು. "ಹಾಗಾದ್ರೆ ನೀವು...?" ಎಂದು ಶುರು ಮಾಡಿ ನಿಲ್ಲಿಸಿದಳು. ಉತ್ತರ ಹೇಳಬೇಕಾದವನು ಅವನು. ಅವನು ಕೆಮ್ಮಿದ.

"ನಾನು ಅಕ್ಕನ ಮನೇಲಿದ್ದೀನಿ" ಎಂದಳು ಅವಳು. "ಚಳಿಗಾಲದಿಂದ." ಬಾಗಿಲು ಎಲ್ಲಿದೆ ಎಂದು ಕೇಳಿದವರಿಗೆ ದಾರಿ ತೋರಿಸುವಷ್ಟು ಸರಳವಾಗಿ ಹೇಳಿದಳು. ಅವಳಿಗೆ ನಾಚಿಕೆಯಿರಲಿಲ್ಲ. ಇಷ್ಟು ದಿನ ಅವಳ ಪರವಾಗಿಯೂ ತಾನೇ ನಾಚಿಕೆಪಡುತ್ತಿದ್ದೇನೆ ಎಂದುಕೊಂಡಿದ್ದ ಅವನಿಗೆ, ಆ ಪೂರ್ತಿ ಗಂಟು ತನ್ನೊಬ್ಬನದೇ ಎಂದು ತಿಳಿಯಿತು. ಅವಳು ಚಮಚದಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಅವನು ಅವಳ ದವಡೆ ಆಡುವುದನ್ನೇ ನೋಡಿದ. ಹೇಳಲಿ, ಏನಾದರೂ ಹೇಳಲಿ, ಉಪ್ಪಿಲ್ಲ ಎನ್ನಲಿ, ತಣ್ಣಗಿದೆ ಎನ್ನಲಿ. ವರ್ಷಗಳ ಲೆಕ್ಕದಲ್ಲಿ ಒಂದನ್ನಾದರೂ ಅವಳು ತೀರಿಸಿಕೊಂಡರೆ ತಾನು ತಲೆಯೆತ್ತಬಹುದು. ಅವಳು ಅವಸರವಿಲ್ಲದೆ ತಿಂದಳು, ಸಿಪ್ಪೆಯ ಸಮೇತ ತಿಂದಳು, ತಟ್ಟೆಯಲ್ಲಿ ಉಳಿದದ್ದನ್ನು ಚಮಚದಲ್ಲಿ ಒಟ್ಟು ಮಾಡಿ ತಿಂದಳು.

"ಚೆನ್ನಾಗಿದೆ" ಎಂದಳು. "ತುಂಬಾ ಚೆನ್ನಾಗಿ ಮಾಡಿದ್ದೀರಿ." ಚುಚ್ಚಲು ಹೇಳಿದ್ದಲ್ಲ, ಮೆಚ್ಚಿಸಲು ಹೇಳಿದ್ದೂ ಅಲ್ಲ. ಚೆನ್ನಾಗಿತ್ತು, ಹೇಳಿದಳು. ಅರ್ಧ ಉಸಿರಿನಲ್ಲಿ ಮುಗಿಯುವ ಮಾತು, ಅವಳ ಅಡುಗೆಗೆ ಅವನು ಒಮ್ಮೆಯೂ ಆಡದ್ದು.

ಅವನಿಗೆ ಏನಾದರೂ ಹೇಳಬೇಕಿತ್ತು. "ಉಪ್ಪು ಸ್ವಲ್ಪ ಮುಂದಾಯ್ತು" ಎಂದ. ಅವಳು ಎದ್ದು ತೊಟ್ಟಿಯ ಪಕ್ಕದ ನಲ್ಲಿಯಲ್ಲಿ ತನ್ನ ತಟ್ಟೆ ತೊಳೆದಿಟ್ಟು, ಕೈ ಒರೆಸಿಕೊಂಡು, ಪರದೆಯ ಬಳಿ ನಿಂತು ಕೌಂಟರಿನಕ್ಕನಿಗೆ, "ಕನ್ನಡಕ ರೆಡಿಯಾದಾಗ ನೀವೇ ಒಂದು ಫೋನ್ ಮಾಡ್ತೀರಾ?" ಎಂದು ಕೇಳಿದಳು. ಕೌಂಟರಿನಕ್ಕ "ಮಾಡ್ತೀನಮ್ಮಾ, ನಾನೇ ಮಾಡ್ತೀನಿ" ಎಂದು ಅವಳ ಹಿಂದೆಯೇ ಹೋದಳು. ಹೊರಗಿನ ಬಾಗಿಲು ತೆಗೆದು ಮುಚ್ಚಿದ ಸದ್ದಾಯಿತು.

ಅವನು ಅವಳ ಕನ್ನಡಕಕ್ಕೆ ಪ್ಲಸ್ ಎರಡರ ಹೊಸ ಗಾಜನ್ನು ತೆಗೆದು ಗುರುತು ಹಾಕಿ ಯಂತ್ರಕ್ಕೆ ಕಚ್ಚಿಸಿದ. ಬೇರೆ ಕೆಲಸಗಳು ಮುಂದಿದ್ದವು, ಆದರೂ ಇದನ್ನೇ ಮೊದಲು ತೆಗೆದುಕೊಂಡ. ಗುಂಡಿ ಒತ್ತಿದ. ನೀರು ಚಿಮ್ಮಿತು, ಗಾಜು ಕಲ್ಲಿಗೆ ತಾಗಿ ಕಿರ್ರೆನ್ನತೊಡಗಿತು. ಆ ಸದ್ದಿನಲ್ಲಿ ಯಾರಿಗೂ ಏನೂ ಕೇಳಿಸದು. ಅವನು ಬಗ್ಗಿ, ನೀರಿನತ್ತ ಮುಖ ಮಾಡಿ, "ಚೆನ್ನಾಗಿತ್ತು" ಎಂದ. ಬಾಯಿಗೆ ಅಭ್ಯಾಸವಿಲ್ಲದ ಮಾತು, ಸರಿಯಾಗಿ ಬರಲಿಲ್ಲ. ಮತ್ತೊಮ್ಮೆ ಎಂದ, "ದಿನಾ ಚೆನ್ನಾಗಿತ್ತು."

ಪಕ್ಕದ ಯಂತ್ರದಿಂದ ಮಾವ ತಲೆಯೆತ್ತಿ, "ಏನಂದೆ?" ಎಂದು ಕೂಗಿ ಕೇಳಿದ.

"ಏನಿಲ್ಲ" ಎಂದ ಅವನು.